ಇಲ್ಲದ ಮೀನಿಗೆ ಬರೆದ ಎಂಟು

ದೇವರಮನೆಯ ಹಳೇ ನವಿಲುಗರಿಯನ್ನು ಯಾರಾದರೂ ಕೇಳಿ ತೆಗೆದುಕೊಂಡರೆ ಅವರನ್ನು ಭಕ್ತರೆಂದುಕೊಳ್ಳುವುದು ಸಹಜ. ನಾನೂ ಹಾಗೇ ಮೋಸಹೋದೆ.

ಲಿಟಲ್ ಎಲ್ಮ್‌ನಲ್ಲಿ ನಮ್ಮ ಶ್ರೀವಿದ್ಯಕ್ಕನ ಗೃಹಪ್ರವೇಶ. ಪುಳಿಯೋಗರೆ ಬಡಿಸುತ್ತಿದ್ದ ನನ್ನ ಮುಂದೆ ಸುಧೀಂದ್ರ ಜೇಬಿಗೆ ಗರಿ ಸಿಕ್ಕಿಸಿಕೊಂಡು ಬಂದು ನಿಂತ. ಭಾವನ ಹಳೇ ರೂಮ್‌ಮೇಟ್, ಆಸ್ಟಿನ್‌ನಲ್ಲಿ ಕೆಲಸ, ಪಕ್ಕಾ ಸಸ್ಯಾಹಾರಿ. ಮನೆಯಲ್ಲಿ ಕೃಷ್ಣನ ಪೂಜೆ ಜೋರಾ ಎಂದು ಕೇಳಿದೆ.

"ಇಲ್ಲ, ಇದು ಮೀನಿಗೆ" ಅಂದ, ತಟ್ಟೆ ನೋಡುತ್ತಾ.

ಗರಿಯ ಎಳೆಗಳನ್ನು ಗಾಳಕ್ಕೆ ಸುತ್ತಿ ಹುಳುವಿನಂತೆ ಮಾಡುತ್ತಾನಂತೆ. ಅದಕ್ಕೆ ಫ್ಲೈ ಎಂದು ಹೆಸರು. ಅದನ್ನು ನದಿಗೆಸೆದು ಮೀನು ಹಿಡಿಯುತ್ತಾನೆ, ಹಿಡಿದದ್ದನ್ನು ಮತ್ತೆ ನೀರಿಗೇ ಬಿಡುತ್ತಾನೆ. ತಿನ್ನುವುದಿಲ್ಲವೆಂದ ಮೇಲೆ ಹಿಡಿಯುವುದೇಕೆ ಎಂದು ನಾನು ಜಗಳಕ್ಕೇ ನಿಂತೆ. ಅವನು ಸಿಟ್ಟಾಗಲಿಲ್ಲ. ಒಂದು ಶನಿವಾರ ಬಂದು ನೋಡಿ, ಆಮೇಲೆ ಬೇಕಾದಷ್ಟು ಬೈಯಿರಿ ಎಂದ. ಬೈಯುವ ಅವಕಾಶವನ್ನು ಯಾರು ಬಿಡುತ್ತಾರೆ?

ಹಾಗೆ ಶುರುವಾಯಿತು. ಹ್ಯೂಸ್ಟನ್‌ನ ಎನರ್ಜಿ ಕಾರಿಡಾರ್ ಬಡಾವಣೆಯಿಂದ ನಾನು, ಆಸ್ಟಿನ್‌ನಿಂದ ಅವನು, ನಡುವೆ ಬ್ಯಾಸ್ಟ್ರಾಪ್‌ನಲ್ಲಿ ಕೊಲರಾಡೋ ನದಿ. ನಡುವೆ ಎನ್ನುವುದು ಅವನ ಲೆಕ್ಕ. ಡ್ರೈವಿಂಗ್ ಬಹುಪಾಲು ನನ್ನದೇ. ದೋಣಿ ಅವನದು, ಮೊಸರನ್ನ ನನ್ನದು.

ನೀರಿನ ಮೇಲೆ ಅವನು ಬೇರೆಯೇ ಮನುಷ್ಯ. ದಾರವನ್ನು ಹಿಂದಕ್ಕೆ ಬೀಸಿ, ಅದು ಗಾಳಿಯಲ್ಲಿ ನೆಟ್ಟಗಾಗುವವರೆಗೆ ಕಾದು, ಮೆಲ್ಲಗೆ ಮುಂದಕ್ಕೆ ಬಿಡುತ್ತಿದ್ದ. ನಾನು ನೋಡುತ್ತಿದ್ದುದು ದಾರವನ್ನಲ್ಲ, ಬಿಸಿಲಿಗೆ ಕಂದಿದ ಆ ಮಣಿಕಟ್ಟನ್ನು. ಅವನು ತಿರುಗಿದರೆ ಸಾಕು, ನನಗೆ ದಡದ ಮರಗಳ ಮೇಲೆ ವಿಪರೀತ ಆಸಕ್ತಿ ಬಂದುಬಿಡುತ್ತಿತ್ತು.

"ಅಲ್ಲೇನಿದೆ?"

"ಅಳಿಲು."

"ಹೋದ ವಾರನೂ ಅಳಿಲೇ ಇತ್ತು."

"ಅದೇ ಅಳಿಲು" ಎಂದೆ. ಅವನು ನಗು ಬಚ್ಚಿಡಲು ಟೋಪಿ ಮುಂದಕ್ಕೆಳೆದುಕೊಂಡ.

ಅವನಿಗೊಂದು ಚಾಳಿ. ದಾರವನ್ನು ಪೂರ್ತಿ ಎಳೆದುಕೊಂಡ ಮೇಲೆ ಮೇಲೆತ್ತುವ ಬದಲು, ಗಾಳದ ಕೋಲಿನ ತುದಿಯನ್ನು ದೋಣಿಯ ಪಕ್ಕದ ನೀರಲ್ಲಿ ಅದ್ದಿ ಒಂದು ಎಂಟು ಬರೆಯುತ್ತಿದ್ದ, ಇಂಗ್ಲಿಷಿನ ಎಂಟು. ವಿಸ್ಕಾನ್ಸಿನ್‌ನಲ್ಲಿ ಎಂಎಸ್ ಓದುವಾಗ ಅಂಟಿದ ಅಭ್ಯಾಸ. ಅಲ್ಲಿಯ ನದಿಗಳಲ್ಲಿ ಮಸ್ಕಿ ಎಂಬ ದೊಡ್ಡ ಮೀನಿದೆಯಂತೆ. ಬಾಯಿ ತುಂಬ ಹಲ್ಲು, ಮಹಾ ಬಿಗುಮಾನ. ಥಟ್ಟನೆ ಕಚ್ಚುವುದಿಲ್ಲ; ಫ್ಲೈಯ ಹಿಂದೆ ಸದ್ದಿಲ್ಲದೆ ದೋಣಿಯವರೆಗೂ ಬರುತ್ತದೆ.

"ಅಷ್ಟು ದೂರ ಬಂದಿದ್ದು ಎಷ್ಟೋ ಸಲ ನಮಗೆ ಕಾಣಿಸೋದೇ ಇಲ್ಲ. ಏನೂ ಇಲ್ಲ ಅಂತ ದಾರ ಎತ್ತಿಬಿಟ್ರೆ ತಿರುಗಿ ಹೋಗ್ಬಿಡುತ್ತೆ. ಅದಕ್ಕೇ ಕೊನೇಲಿ ಎಂಟು."

"ಎಂಟು ಬರೆದ ತಕ್ಷಣ ಕಚ್ಚುತ್ತಾ?"

"ಮೊದಲನೇ ಸುತ್ತಿಗೆ ಕಚ್ಚಲ್ಲ, ಜಂಭ. ಎರಡನೇ ಸುತ್ತಿಗೆ ಕಚ್ಚಿದ್ರೂ ಕಚ್ಚಬಹುದು."

ಬ್ಯಾಸ್ಟ್ರಾಪ್‌ನಲ್ಲಿ ಮಸ್ಕಿ ಇಲ್ಲ. ಸಿಗುವುದು ಅಂಗೈಯುದ್ದದ ಬಾಸ್ ಮೀನು. ಆದರೂ ಅವನು ಒಂದು ಸಲವೂ ತಪ್ಪಿಸದೆ ಎಂಟು ಬರೆಯುತ್ತಿದ್ದ.

ಸಂಜೆ ಪಾರ್ಕಿಂಗ್ ಲಾಟಿಗೆ ಬಂದ ಮೇಲೆ ಮಾತ್ರ ಈ ಜಾಣ ಪೆದ್ದನಾಗುತ್ತಿದ್ದ. ನಾನು ಕಾರು ಸ್ಟಾರ್ಟ್ ಮಾಡಿ, ಗಾಜಿಳಿಸಿ, ತಲೆಯ ಮೇಲೇ ಇರುವ ಸನ್‌ಗ್ಲಾಸನ್ನು ಬ್ಯಾಗಿನಲ್ಲಿ ಹುಡುಕುತ್ತಾ ಕೂರುತ್ತಿದ್ದೆ. ಅವನು ಬಾಗಿಲ ಮೇಲೆ ಕೈಯಿಟ್ಟು, ಏನೋ ಹೇಳಲು ಬಾಯಿ ತೆರೆದು, ಹುಷಾರಾಗಿ ಹೋಗಿ ಎನ್ನುತ್ತಿದ್ದ. ನಾನು ಹುಷಾರಾಗಿ ಹೋಗುತ್ತಿದ್ದೆ.

ನವೆಂಬರಿನಲ್ಲಿ ಅವನಿಗೆ ವಿಸ್ಕಾನ್ಸಿನ್‌ನಲ್ಲೇ ಕೆಲಸವಾಯಿತು. ಸೋಮವಾರ ಹೊರಡುವವನಿದ್ದ; ಶನಿವಾರ ಕೊನೆಯ ಸಲ ನದಿಗೆ ಬಂದೆವು. ನನಗೆ ಅವನು ಬೇಕಿತ್ತು. ಇವತ್ತು ಬಾಯಿ ಬಿಡದಿದ್ದರೆ ಮುಂದೆ ವಾಟ್ಸಾಪಿನ ಹಬ್ಬದ ಶುಭಾಶಯವೇ ಗತಿ ಎಂದೂ ಗೊತ್ತಿತ್ತು. ದಿನವಿಡೀ ಒಂದು ಮೀನೂ ಬರಲಿಲ್ಲ, ಅವನು ಎಂಟುಗಳನ್ನು ಮಾತ್ರ ನಿಷ್ಠೆಯಿಂದ ಬರೆದ.

ಸಂಜೆ ಮತ್ತೆ ಅದೇ ಬಾಗಿಲು, ಅದೇ ಕೈ.

"ಹುಷಾರಾಗಿ ಹೋಗಿ, ಮಹತಿ."

ನನಗೆ ಸಿಟ್ಟು ನೆತ್ತಿಗೇರಿತು.

"ಇಲ್ಲದೇ ಇರೋ ಮೀನಿಗೆ ಪ್ರತಿ ಸಲ ಎಂಟು ಬರೀತೀರ. ಹ್ಯೂಸ್ಟನ್ನಿಂದ ವಾರವಾರ ಬರೋಳಿಗೆ ಒಂದು ಸಲನೂ ಇಲ್ಲ."

ಅವನ ಕಿವಿ ಕೆಂಪಾಯಿತು. ನಿಮ್ಮ ಕೆಲಸ, ನಿಮ್ಮ ಊರು ಎಲ್ಲ ಬಿಟ್ಟು ಆ ಹಿಮಕ್ಕೆ ಬನ್ನಿ ಎನ್ನಲು ತಾನ್ಯಾರು ಎಂದು ಸುಮ್ಮನಿದ್ದನಂತೆ. ಬರುವುದು ಬಿಡುವುದು ನನಗೆ ಸೇರಿದ್ದು, ನಿಮ್ಮ ಪಾಲಿಗಿರುವುದು ಕೇಳುವ ಕೆಲಸ ಎಂದೆ.

ಅವನು ಬಾಗಿಲಿನಿಂದ ಕೈ ತೆಗೆದು ನಡೆಯತೊಡಗಿದ. ಹೊರಟೇಹೋದ ಎಂದುಕೊಂಡೆ. ಆದರೆ ಅವನು ಪಕ್ಕದಲ್ಲಿದ್ದ ತನ್ನ ಟ್ರಕ್ಕನ್ನು ಒಂದು ಸುತ್ತು ಹಾಕಿ, ಎರಡು ಗಾಡಿಗಳ ನಡುವೆ ಹಾದು, ನನ್ನ ಕಾರನ್ನೂ ಸುತ್ತಿ ಮತ್ತೆ ಕಿಟಕಿಯ ಬಳಿ ಬಂದು ನಿಂತ. ಇಂಗ್ಲಿಷಿನ ಎಂಟು. ಆಚೆ ಐಸ್‌ಬಾಕ್ಸ್ ಇಳಿಸುತ್ತಿದ್ದ ಮುದುಕನೊಬ್ಬ ಕೆಲಸ ನಿಲ್ಲಿಸಿ ನೋಡಿದ.

"ಮಹತಿ, ನನ್ನನ್ನ ಮದುವೆ ಆಗ್ತೀರಾ?"

ಮೈಯೆಲ್ಲ ಹೂಂ ಎನ್ನುತ್ತಿತ್ತು. ಆದರೂ ಸ್ಟೀರಿಂಗ್ ಹಿಡಿದು, ತುಟಿ ಬಿಗಿದು ನೆಟ್ಟಗೆ ಮುಂದೆ ನೋಡಿದೆ.

ಅವನು ಗಾಬರಿಯಿಂದ ಒಂದು ಕ್ಷಣ ಕಾದ. ಆಮೇಲೆ ಅವನ ತುಟಿಯಂಚಿನಲ್ಲಿ ನಗು ಮೂಡಿತು. ಎರಡನೇ ಸುತ್ತಿಗೆ ಹೊರಟ.

ಅವನು ಟ್ರಕ್ಕನ್ನು ಬಳಸಿ ಬರುವಷ್ಟರಲ್ಲಿ ನಾನು ಎಂಜಿನ್ ಆಫ್ ಮಾಡಿ, ಕೆಳಗಿಳಿದು, ಎರಡು ಗಾಡಿಗಳ ನಡುವೆ ಅವನ ದಾರಿಗೆ ಅಡ್ಡ ನಿಂತಿದ್ದೆ.