ಏಮೋ ಗಿಡ

"ಬಂದರಿಕೆ ಹದಿನಾಲ್ಕು, ಕಾರೆ ಒಂಬತ್ತು, ಏಮೋ ನಲವತ್ತೊಂದು," ಎಂದು ಜಂಬದಿಂದ ಓದಿದೆ. "ನೋಡಿ ಮೇಷ್ಟ್ರೇ, ನಿಮ್ಮ ಬೆಟ್ಟದ ತುಂಬ ಏಮೋ ಗಿಡವೇ!"

ನೀರು ಕುಡಿಯುತ್ತಿದ್ದ ಚಲಪತಿ ಮೇಷ್ಟ್ರಿಗೆ ಕೆಮ್ಮು ಹತ್ತಿಕೊಂಡಿತು.

"ಯಾವ ಗಿಡ, ಶ್ಯಾಮಲಮ್ಮ?"

"ಏಮೋ. ನೀವೇ ಹೇಳಿದ್ದಲ್ವಾ?"

ಅವರು ತುಟಿ ಕಚ್ಚಿಕೊಂಡು ಆಕಾಶ ನೋಡಿದರು. ಕಣ್ಣಂಚಿನಲ್ಲಿ ನಗು ತಡೆಯುತ್ತಿರುವುದು ಕಾಣುತ್ತಿತ್ತು. "ಅದು ಗಿಡ ಅಲ್ಲ ಕಣಮ್ಮ. ತೆಲುಗಲ್ಲಿ ಏಮೋ ಅಂದ್ರೆ... ಏನೋಪ್ಪ, ಗೊತ್ತಿಲ್ಲ ಅಂತ."

ಹತ್ತೊಂಬತ್ತು ದಿನ! ೧೯೬೨ರ ಆ ಸುಡು ಬೇಸಿಗೆಯಲ್ಲಿ ಚಿಂತಾಮಣಿ ಬಳಿಯ ಅಂಬಾಜಿದುರ್ಗ ಹತ್ತಿ, ಹತ್ತತ್ತು ಅಡಿಯ ಚೌಕಕ್ಕೆ ಹಗ್ಗ ಕಟ್ಟಿ, ಒಳಗಿದ್ದ ಗಿಡಗಳಿಗೆಲ್ಲ ನಂಬರಿನ ಚೀಟಿ ಕಟ್ಟಿದ್ದೆ. ಎಲೆ ಉದುರಿ ಬರೀ ಕಡ್ಡಿಯಾಗಿ ನಿಂತ ಗಿಡಗಳು ಮೈಸೂರಿನ ನನ್ನ ಕಣ್ಣಿಗೆ ಎಲ್ಲ ಒಂದೇ. ತೊಗಟೆ ಕೆರೆದು, ಮೂಸಿ, ಹೆಸರು ಹೇಳುತ್ತಿದ್ದವರು ಬೆಟ್ಟದ ಕೆಳಗಿನ ಹಳ್ಳಿಯ ಈ ಸ್ಕೂಲು ಮೇಷ್ಟ್ರು. ಹೇಳಿದ್ದನ್ನೆಲ್ಲ ಹಾಗೇ ಬರೆದುಕೊಂಡ ಜಾಣೆ ನಾನು.

ಈ ಪಟ್ಟಿ ಸರಿಯಿದ್ದರೆ ಜೂನ್‌ನಲ್ಲಿ ಆಗುಂಬೆಯ ಮಳೆಕಾಡಿಗೆ ಹೋಗುವ ತಂಡದಲ್ಲಿ ನನಗೂ ಜಾಗ ಎಂದಿದ್ದರು ನಮ್ಮ ಸಸ್ಯಶಾಸ್ತ್ರದ ಪ್ರೊಫೆಸರ್. ನಮ್ಮ ಕಾಲೇಜಿನಿಂದ ಒಬ್ಬ ಹುಡುಗಿಯೂ ಅಲ್ಲಿಗೆ ಹೋಗಿರಲಿಲ್ಲ. ನಾಡಿದ್ದು ಬೆಳಿಗ್ಗೆಯೇ ನನ್ನ ಬಸ್ಸು.

"ಗೊತ್ತಿಲ್ಲ ಅಂತ ಕನ್ನಡದಲ್ಲಿ ಹೇಳೋಕೆ ಏನಾಗಿತ್ತು ನಿಮಗೆ?"

"ನಿಮ್ಮೆದುರಿಗೆ ಗೊತ್ತಿಲ್ಲ ಅನ್ನಕ್ಕೆ ನಾಚ್ಕೆ ಆಗೋದು. ಬಾಯಿಗೆ ಏಮೋ ಅಂತ ಬಂದ್ಬಿಡೋದು."

"ನಿಮ್ಮ ನಾಚಿಕೆಗೆ ನನ್ನ ಕಾಡು ಹೋಯ್ತು! ಇನ್ನೊಂದು, ನನ್ನನ್ನ ಶ್ಯಾಮಲಮ್ಮ ಅನ್ಬೇಡಿ. ನನಗಿನ್ನೂ ಹತ್ತೊಂಬತ್ತು."

ನೋಟ್‌ಬುಕ್ಕನ್ನು ಬಂಡೆಯ ಮೇಲೆ ಎಸೆದೆ. ನನ್ನ ಕಾವಲಿಗೆಂದು ಚಿಂತಾಮಣಿಯ ಚಿಕ್ಕಮ್ಮ ಕಳಿಸಿದ್ದ ಆಂಜಿನಮ್ಮ ಹುಣಸೆ ನೆರಳಿನಲ್ಲಿ ನಿದ್ದೆಯಿಂದ ಎದ್ದು ಕುಳಿತಳು. ಅವಳನ್ನು ಎಳೆದುಕೊಂಡು ದಡದಡ ಇಳಿದೆ. ಅಷ್ಟು ಸಿಟ್ಟಿನಲ್ಲೂ ಆ ಕಚ್ಚಿದ ತುಟಿಯೇ ಕಣ್ಣಮುಂದೆ ಬರುತ್ತಿತ್ತು. ಅದಕ್ಕೆ ಸಿಟ್ಟು ಇನ್ನೂ ಏರಿತು.

ಮರುದಿನ ನೋಟ್‌ಬುಕ್ಕಿಗೆಂದು ಹೋದರೆ ಮನುಷ್ಯನೂ ಇಲ್ಲ, ಪುಸ್ತಕವೂ ಇಲ್ಲ. ಮಧ್ಯಾಹ್ನದವರೆಗೂ ಬೈದುಕೊಳ್ಳುತ್ತ ಕುಳಿತೆ. ಕೊನೆಗೆ ಬಂದರು, ತಲೆಯ ಮೇಲೆ ಕಡ್ಡಿಯ ಹೊರೆ ಹೊತ್ತುಕೊಂಡು. ಕೈತುಂಬ ಮುಳ್ಳು ಗೀರಿದ ಗೆರೆ.

"ನಿಮ್ಮ ನಂಬರು ನೋಡ್ಕೊಂಡು ಒಂದೊಂದು ಗಿಡದ್ದೂ ಕಡ್ಡಿ ಮುರ್ದೆ. ಮೇಕೆ ಕಾಯೋ ಮುನಿಶಾಮಿ ಹತ್ರ ಹೋಗಿ, ಇದೇನು, ಇದೇನು ಅಂತ ಕೇಳ್ದೆ. ನಲವತ್ತಕ್ಕೆ ಹೆಸ್ರು ಸಿಕ್ತು."

ಪುಸ್ತಕ ತೆರೆದೆ. ನಲವತ್ತು ಏಮೋಗಳ ಪಕ್ಕ ಮೇಷ್ಟ್ರ ಗುಂಡಾದ ಅಕ್ಷರದಲ್ಲಿ ನಲವತ್ತು ಹೆಸರು. ಆಗುಂಬೆ ನನ್ನದಾಗಿತ್ತು. ಕುಣಿಯಬೇಕಿತ್ತು. ಪುಸ್ತಕ ಮುಚ್ಚಿ ಅವರ ಕೈಯ ಗೀರುಗಳನ್ನೇ ನೋಡುತ್ತ ನಿಂತೆ.

"ಹೆಸ್ರು ಸಿಗ್ದಿದ್ರೆ ನೀವು ಇನ್ನೂ ಹದಿನೈದು ದಿನ ಇರ್ಬೇಕಾಗ್ತಿತ್ತು ಅಂತ ಗೊತ್ತಿತ್ತು," ಎಂದರು ಮೆಲ್ಲಗೆ, ಕಡ್ಡಿಗಳನ್ನು ನೋಡುತ್ತ. "ಹೆಸ್ರು ಯಾಕಾದ್ರೂ ಹುಡುಕ್ದೆ ಅಂತ ದಾರಿಯುದ್ದಕ್ಕೂ ನನ್ನನ್ನ ನಾನೇ ಬೈಕೊಂಡೆ. ನೀವು ಹೋಗೋದು ನಂಗೆ ಇಷ್ಟ ಇಲ್ಲ, ಶ್ಯಾಮಲಾ."

ನನ್ನ ಹೆಸರಿನ ಕೊನೆಯ 'ಅಮ್ಮ' ಬಿಟ್ಟುಹೋಗಿತ್ತು. ನಾನೇ ಬೇಡವೆಂದಿದ್ದೆ, ಆದರೂ ಎದೆ ಡವಡವ ಎಂದಿತು. ನನಗೂ ಹೋಗಲು ಇಷ್ಟವಿರಲಿಲ್ಲ. ಹೋಗದೆ ಇರಲೂ ಆಗುತ್ತಿರಲಿಲ್ಲ. ಎಂಥಾ ಹಾಳು ಬೇಸಿಗೆ!

"ಮತ್ತೆ ಬರ್ತೀರಾ?"

ನನಗೆ ಗೊತ್ತಿದ್ದ ಒಂದೇ ತೆಲುಗು ಮಾತು ಹೇಳಿದೆ. "ಏಮೋ."

ಅವರ ಮುಖ ಬಾಡಿತು. ತಡೆಯಲಾರದೆ, ಹೆಸರು ಸಿಗದೆ ಉಳಿದಿದ್ದ ಆ ಒಂದು ಕಡ್ಡಿಯನ್ನು ಹೊರೆಯಿಂದ ಎಳೆದುಕೊಂಡೆ. "ಈ ಗಿಡ ಚಿಗುರೋದು ಯಾವಾಗ?"

"ಮಳೆ ಬಿದ್ಮೇಲೆ. ಶ್ರಾವಣದ ಹೊತ್ಗೆ ಎಲೆ ಬಂದಿರತ್ತೆ."

"ಎಲೆ ನೋಡದೆ ಹೆಸರು ಬರೆಯೋಕಾಗಲ್ಲ ಮೇಷ್ಟ್ರೇ. ಆಗುಂಬೆಯಿಂದ ನೇರ ಇಲ್ಲಿಗೇ ಬರ್ತೀನಿ."

ಪಟ್ಟಿಯನ್ನು ಪ್ರೊಫೆಸರಿಗೆ ಒಪ್ಪಿಸಿದಾಗ ನಲವತ್ತೊಂದನೆಯದರ ಮುಂದೆ ಏಮೋ ಎಂದೇ ಇತ್ತು. ಅದೇನು ಗಿಡ ಎಂದು ಕೇಳಿದರು. ಶ್ರಾವಣದಲ್ಲಿ ಹೇಳ್ತೀನಿ ಸರ್, ಎಂದೆ.