ಪಾಲ್ಮಾರ್ ಬಾವಿಯ ನೀರು

"ಬಾಟಲಿ ಕೆಳಗಿಡ್ರೀ!"

ರೊಸೆರ್ ಕೂಗಿದ ರಭಸಕ್ಕೆ, ಹಿತ್ತಲ ಬಾವಿಯ ಬಳಿ ಬಗ್ಗಿ ನೀರು ತುಂಬಿಕೊಳ್ಳುತ್ತಿದ್ದ ಯುವಕ ಬೆಚ್ಚಿಬಿದ್ದ.

ಅಲ್ಬುಫೆರಾ ಸರೋವರದ ದಂಡೆಯ ಪಾಲ್ಮಾರ್ ಊರಿನಲ್ಲಿ ಅವಳದೊಂದು ಪುಟ್ಟ ಊಟದ ಮನೆ. ಕಿತ್ತಳೆ ಕಟ್ಟಿಗೆಯ ಉರಿಯಲ್ಲಿ ಅವಳು ಬೇಯಿಸುವ 'ಪಾಯೆಯಾ' ಎಂಬ ಅನ್ನಕ್ಕೆ ವಲೆನ್ಸಿಯಾ ಪಟ್ಟಣದಿಂದ ಜನ ಬರುತ್ತಿದ್ದರು. ಇವನೂ ಕೆಲವು ಭಾನುವಾರಗಳಿಂದ ಬರುತ್ತಿದ್ದ. ಒಬ್ಬನೇ! ಅನ್ನ ಮೂಸುವುದು, ಅದರಲ್ಲಿ ಬೆಂದ ಬಸವನಹುಳು ಆರಿಸಿ ನೋಡುವುದು, ತಳಕ್ಕಂಟಿದ ಗರಿಗರಿ ಅನ್ನ ಕೆರೆದು ಕರವಸ್ತ್ರದಲ್ಲಿ ಕಟ್ಟಿಕೊಳ್ಳುವುದು...

ಯಾವ ಹೋಟೆಲಿನವರು ಕಳಿಸಿದ ಗೂಢಚಾರನೋ! ಅಪ್ಪ ಬಿಟ್ಟುಹೋದದ್ದು ಈ ಕೈರುಚಿಯೊಂದೇ. ಅದನ್ನೂ ಕದಿಯುತ್ತಾನಾ?

"ಯಾರು ಕಳಿಸಿದ್ದು ನಿಮ್ಮನ್ನ?"

"ಅಮ್ಮ..." ಅವನು ತಲೆತಗ್ಗಿಸಿದ. "ನಾನು ನೆಲೊ, ಎಲ್ಚೆ ಊರಿನವನು. ಅಮ್ಮ ಹುಟ್ಟಿದ್ದು ಇಲ್ಲೇ. ಮಂಡಿನೋವು, ಮನೆ ಬಿಟ್ಟು ಬರೋಕಾಗಲ್ಲ. ಚಿಕ್ಕವಳಿದ್ದಾಗ ತಿಂದ ಪಾಯೆಯಾ ಬೇಕಂತೆ. ನಾನೇನು ಮಾಡಿದ್ರೂ 'ಇದಲ್ಲ ಕಣೋ' ಅಂತಾಳೆ. ಬಾತುಕೋಳಿ ಹಾಕಿದೆ, ಹಾವುಮೀನು ಹಾಕಿದೆ. ಇನ್ನು ಉಳಿದಿರೋದು ನೀರೇ!"

"ಎಲ್ಚೆಯವರಾ? ಅನ್ನದ ಮೇಲೆ ಮೊಟ್ಟೆ ಸುರಿದು ಒಲೆಯೊಳಗೆ ತಳ್ಳೋರು! ನಿಮಗ್ಯಾಕ್ರೀ ಪಾಯೆಯಾ?"

"ತಿಂದು ನೋಡಿ ಬೈಯ್ರಿ! ನಿಮ್ಮದೇನು, ಕೂಲಿಯವರು ಗದ್ದೆ ಬದುವಲ್ಲಿ ಸಿಕ್ಕಿದ್ದೆಲ್ಲ ಹಾಕಿ ಬೇಯಿಸಿದ್ದು ತಾನೇ? ಇಲಿಯನ್ನೂ ಬಿಡ್ತಿರಲಿಲ್ಲವಂತೆ!"

ರೊಸೆರ್‌ಗೆ ನಗು ಬಂತು. ತಡೆದುಕೊಂಡಳು. 'ಕಳ್ಳರ ಮಾತು ಹೀಗೇ ಸಿಹಿ!'

"ನಾಳೆ ನಿಮ್ಮ ಮನೆಗೆ ಬಂದು ನಾನೇ ಬೇಯಿಸ್ತೀನಿ. ಅಮ್ಮ ಇರೋದು ಸುಳ್ಳಾದ್ರೆ ಪೊಲೀಸ್‌ಗೆ ಕೊಡ್ತೀನಿ, ನೆನಪಿರ್ಲಿ!"

ಮರುದಿನ ಎಲ್ಚೆಯ ಅಂಗಳದಲ್ಲಿ, ಖರ್ಜೂರದ ಮರದಡಿ ನಿಜಕ್ಕೂ ಒಬ್ಬ ಮುದುಕಿ ಕೂತಿದ್ದಳು. ಆದರೂ ರೊಸೆರ್‌ಳ ಅನುಮಾನ ಹೋಗಲಿಲ್ಲ. ಪರೀಕ್ಷೆ ಮಾಡಲೆಂದೇ ತಾನು ತಂದ ಬಾವಿ ನೀರನ್ನು ಮುಟ್ಟದೆ, ಅಲ್ಲಿನ ನಲ್ಲಿ ನೀರಿನಲ್ಲೇ ಬೇಯಿಸಿದಳು.

ಮುದುಕಿ ವಿಸೆಂತಾ ಒಂದು ಚಮಚ ಬಾಯಿಗಿಟ್ಟುಕೊಂಡಳು. "ಇದೇ ಕಣೇ!"

"ಅಮ್ಮಾ, ಇದು ಎಲ್ಚೆಯ ನಲ್ಲಿ ನೀರು! ಯಾಕೆ ಸುಳ್ಳು ಹೇಳ್ತೀರಿ?"

ವಿಸೆಂತಾ ಪಕಪಕ ನಕ್ಕಳು. "ಇವನು ಎರಡನೇ ಸಲ ಮಾಡಿದಾಗಲೇ ಈ ರುಚಿ ಬಂದಿತ್ತು ಮಗಳೇ. ಆದ್ರೆ ಪಾಲ್ಮಾರ್‌ನಿಂದ ಬಂದ್ರೆ ಸಾಕು, ಅನ್ನದ ಮಾತಿಗಿಂತ ನಿನ್ನ ಮಾತೇ ಜಾಸ್ತಿ! ಚೆನ್ನಾಗಿದೆ ಅಂದಿದ್ರೆ ಮತ್ತೆ ಹೋಗ್ತಿದ್ನಾ ಈ ಪುಕ್ಕಲ?"

ರೊಸೆರ್ ನೆಲೊನತ್ತ ತಿರುಗಿದಳು. ಅವನ ಕಿವಿಗಳು ಕೆಂಪಾಗಿದ್ದವು.

"ರುಚಿ ಬಂದಿದ್ದು ನಿಮಗೂ ಗೊತ್ತಿತ್ತಾ?"

"ಹೂಂ."

"ಮತ್ತೆ ನೀರು ಯಾಕೆ ಕದ್ರಿ?"

"ಬರೋಕೆ ಬೇರೆ ನೆಪವೇ ಉಳಿದಿರಲಿಲ್ಲ ರೊಸೆರ್... ನನಗೆ ಬೇಕಾಗಿದ್ದು ನೀವು."

ಅವಳು ಅವನ ಮುಖ ದಿಟ್ಟಿಸಿದಳು. ಇಷ್ಟು ದಿನ ಇವನ ಕೈಯನ್ನೇ ಕಾಯುತ್ತಿದ್ದೆ, ಕಣ್ಣನ್ನು ಒಮ್ಮೆಯೂ ನೋಡಲಿಲ್ಲವಲ್ಲ...

ಬೆಂಚಿನಲ್ಲಿ ಮೆಲ್ಲಗೆ ಸರಿದು ಜಾಗ ಮಾಡಿದಳು.

"ಬಾ, ಕೂತ್ಕೋ. ಅನ್ನ ಆರತ್ತೆ."

"ಏನಂದ್ರಿ? 'ಬಾ' ಅಂದ್ರಾ?"

"ಇನ್ನೊಂದ್ಸಲ ಹೇಳಲ್ಲ... ಬಾರೋ!"