ಪೆನ್ನು ಮುಂದೆ, ಗೆರೆ ಹಿಂದೆ

"ಅಯ್ಯಯ್ಯೋ! ಅದರ ಮ್ಯಾಲ ಇಡಬ್ಯಾಡ್ರೀ!"

ಪ್ರಿಯದರ್ಶಿನಿ ಕೂಗಿದ ರಭಸಕ್ಕೆ ಒಳಗೆ ಬಂದವನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಕೈಯಲ್ಲಿ ಹೆಲ್ಮೆಟ್ಟು. ಅದರ ಕೆಳಗೆ, ಮಂಚದ ಮೇಲೆ, ನಿನ್ನೆಯಷ್ಟೇ ಡಬ್ಬಿಯಿಂದ ಹೊರಬಂದಿದ್ದ, ಪರದೆಯ ಮೇಲೇ ಚಿತ್ರ ಬರೆಯುವ ಅವಳ ಪೆನ್ ಡಿಸ್‌ಪ್ಲೇ!

"ಹೆಲ್ಮೆಟ್ ಇಡಾಕ ನಿಮಗ ಅದೇ ಸಿಕ್ತೇನ್ರೀ?"

"ತಪ್ಪಾತ್ರೀ..." ಅವನು ಹೆಲ್ಮೆಟ್ಟನ್ನು ಕಂಕುಳಲ್ಲಿ ಅವಚಿಕೊಂಡ. "ನೀವು ಬಾಗ್ಲ ತೆಗದ್ರಲ್ಲ... ನಿಮ್ಮನ್ನ ನೋಡಿ ಅದನ್ನ ನೋಡ್ಲಿಲ್ಲ."

ಹೇಳಿದ ಮೇಲೆ ತಾನು ಹೇಳಿದ್ದೇನು ಎಂಬುದು ಅವನಿಗೇ ಹೊಳೆಯಿತು. ಎರಡೂ ಕಿವಿ ಕೆಂಪಾದವು.

'ಎಂಥಾ ಮನುಷ್ಯಾ ಇವ!' ಎಂದುಕೊಂಡಳು ಪ್ರಿಯಾ. ಸಿಟ್ಟು ಬಂದಿತ್ತು, ನಿಜ. ಆದರೆ ಆ ಸಿಟ್ಟು ತುಟಿಯವರೆಗೆ ಬರುವಷ್ಟರಲ್ಲಿ ನಗುವಾಗಿಬಿಟ್ಟಿತು.

ಅವನ ಹೆಸರು ದುರುಗೇಶ. ದೇವದುರ್ಗದವನು, ರಾಯಚೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ; ಹೊಸ ಯಂತ್ರ ಜೋಡಿಸಿಕೊಡಲು ಬಂದಿದ್ದ. ಪ್ರಿಯಾ ಕೃಷ್ಣೆಯ ದಂಡೆಯ ಹಳ್ಳಿ ಗೂಗಲ್‌ನವಳು. ಅಪ್ಪ ಬೂದೆಪ್ಪ ಊರಲ್ಲಿ ಕುರಿ ಹಿಂಡಿನ ಹಿಂದೆ. ಮಗಳು ಅಜ್ಜಿ ಬಂಡೆಮ್ಮನ ಜೊತೆ ರಾಯಚೂರಿನ ಬಾಡಿಗೆ ಮನೆಯಲ್ಲಿ, ಕಾರ್ಟೂನಿನ ಹಿಂದೆ. ಹೈದರಾಬಾದಿನ ಒಂದು ಸ್ಟುಡಿಯೋ ಎಂಟು ಸೆಕೆಂಡಿನ ಅನಿಮೇಷನ್ ಮಾದರಿ ಕೇಳಿತ್ತು. ಶನಿವಾರ ಸಂಜೆ ಐದರೊಳಗೆ ಕಳಿಸಬೇಕು. ಅವತ್ತು ಮಂಗಳವಾರ.

ದುರುಗೇಶ ಪೆನ್ ಡಿಸ್‌ಪ್ಲೇಯನ್ನು ಮೇಜಿನ ಮೇಲಿಟ್ಟು ಕೆಲಸಕ್ಕೆ ಕುಳಿತ. ಒಂದು ವೈರು ಲ್ಯಾಪ್‌ಟಾಪಿಗೆ, ಇನ್ನೊಂದು ಕರೆಂಟಿಗೆ. ಕಪ್ಪು ಗಾಜಿನ ಮೇಲೆ ಬೆಳಕು ಮೂಡಿದ್ದೇ ತಡ, ಬಂಡೆಮ್ಮ ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡೇ ಕೇಳಿದಳು. "ಇಷ್ಟು ದೊಡ್ಡ ಪಾಟಿ! ಇದರ ಮ್ಯಾಲ ಬರದ್ರ ಅಳಸಾಕ ಬರತದೇನು?"

"ಬರತದ ಯವ್ವಾ. ಎಷ್ಟು ಸಲ ಬೇಕಾದ್ರೂ," ಎಂದು ದುರುಗೇಶ ನಕ್ಕ.

ಪ್ರಿಯಾ ಪೆನ್ನು ಹಿಡಿದು, ಹಳೆಯ ಡ್ರಾಯಿಂಗ್ ಪ್ಯಾಡಿನಲ್ಲಿ ಬರೆದಿದ್ದ ಕುರಿಮರಿಯ ಕಚ್ಚಾ ಚಿತ್ರಗಳನ್ನು ತೆರೆದಳು. ಮಲಗಿದ್ದ ಮರಿ ಎದ್ದು ಅಮ್ಮನ ಕಡೆ ಓಡುವುದು, ಅಷ್ಟೇ ಕಥೆ; ಅದನ್ನೇ ಹೊಸದಾಗಿ ಬರೆದು ಸ್ಟುಡಿಯೋಗೆ ಕಳಿಸಬೇಕಿತ್ತು.

ದುರುಗೇಶ ಬಗ್ಗಿ ನೋಡಿದ. ಮತ್ತೊಮ್ಮೆ ಓಡಿಸಿ ನೋಡಿದ. "ನಿಮ್ಮದು ಕುರಿ ಮನಿತನ ಏನ್ರೀ?"

"ಹೆಂಗ ಗೊತ್ತಾತು?"

"ಮರಿ ಏಳುವಾಗ ಹಿಂಗಾಲು ಮೊದಲ ಎತ್ತಿಸೀರಲ್ಲ! ಕುರಿ ಕಾಯದವರಾಗಿದ್ರ ಮುಂಗಾಲು ಮೊದಲ ಎತ್ತಸ್ತಿದ್ರು. ನಮ್ಮಪ್ಪನೂ ಕುರಿ ಕಾದವನಾ..."

ಎರಡು ವರ್ಷದಿಂದ ಎಷ್ಟೋ ಮಂದಿ ಆ ಮರಿಯನ್ನು ನೋಡಿ 'ಮುದ್ದಾಗಿದೆ' ಎಂದಿದ್ದರು. ಕಾಲು ನೋಡಿದವನು ಇವನೊಬ್ಬನೇ! ಪ್ರಿಯಾಳ ಎದೆಯಲ್ಲಿ ಏನೋ ಒಂದು ಮೆಲ್ಲಗೆ ಎದ್ದು ಕೂತಿತು. ಅದು ಯಾವ ಕಾಲಲ್ಲಿ ಎದ್ದಿತೋ ಅವಳಿಗೂ ಗೊತ್ತಾಗಲಿಲ್ಲ.

'ನಾಳೆನೂ ಇವ ಬಂದ್ರ ಛಲೋ ಇರತದ...'

ಆ ಆಸೆ ಪೆನ್ನಿಗೂ ಕೇಳಿಸಿತೋ ಏನೋ! ಅವಳು ಗೆರೆ ಎಳೆದರೆ ಪೆನ್ನು ಮುಂದೆ ಹೋಗುತ್ತಿತ್ತು, ಗೆರೆ ಸಾವಕಾಶವಾಗಿ ಹಿಂದೆ ಬರುತ್ತಿತ್ತು.

"ಲ್ಯಾಗ್ ಆಗಾಕತ್ತದ," ಎಂದ ದುರುಗೇಶ. ಯಂತ್ರ ಹಿಂದೆ ಬಿದ್ದರೆ ಅವರ ಭಾಷೆಯಲ್ಲಿ ಅದಕ್ಕೆ ಲ್ಯಾಗ್ ಎನ್ನುತ್ತಾರೆ. "ವೈರ್ ಸಡಲ ಅದನೋ ಏನೋ, ನೋಡ್ತೀನಿ ತಡೀರಿ." ಮೇಜಿನ ಕೆಳಗೆ ನುಸುಳಿ ಸ್ವಿಚ್ ಬೋರ್ಡಿನ ಬಳಿ ತಲೆ ತೂರಿಸಿದ.

ಪ್ರಿಯಾ ಚಹಾ ತರಲು ಅಡುಗೆಮನೆಗೆ ಹೋದಳು. ಬಂಡೆಮ್ಮ ಮಂಡಕ್ಕಿಯ ಒಗ್ಗರಣೆ ಮಂಡಾಳು, ಮಿರ್ಚಿ ಭಜಿಯ ತಟ್ಟೆ ಹಿಡಿದು ಮೇಜಿನ ಬಳಿ ಬಂದಳು. ಹುಡುಗ ಹಿಡಿಸಿದ್ದ. ಹಿಡಿಸಿದ ಮೇಲೆ ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಆಕೆಗಿಲ್ಲ.

"ಲಗ್ನ ಆಗ್ಯಾದೇನಪಾ?"

ಮೇಜಿನ ಕೆಳಗಿಂದ ಉತ್ತರ ಬಂತು. "ಹೂಂ ಯವ್ವಾ, ಆಗ್ಯಾದ. ಭಾಳ ಆಗ್ಯಾದ."

ಅಡುಗೆಮನೆಯಲ್ಲಿ ಪ್ರಿಯಾ ಸೋಸುತ್ತಿದ್ದ ಚಹಾ ಬಸಿಗೆ ಚೆಲ್ಲಿತು.

"ಭಾಳ ಅಂದ್ರ?!"

"ಹಳೇದು ಇನ್ನಾ ಒಳಗ ಕುಂತದ ಯವ್ವಾ. ಅದನ್ನ ತೆಗದು ಒಗದು, ನಾಳೆ ಹೊಸಾದು ತರತೀನಿ."

"ಯಪ್ಪಾ...! ಹಳೇದು ಏನ್ ತಪ್ಪು ಮಾಡ್ಯಾದೋ?"

"ನಿಧಾನ ಯವ್ವಾ. ನಾವು ಮುಂದ ಹೋದ್ರ, ಅದು ಹಿಂದಿಂದ ಬರತದ. ಅದನ್ನ ಇಟ್ಕೊಂಡು ಜೀವನ ನಡಿಯಂಗಿಲ್ಲ."

ನಮ್ಮ ಕಡೆ ಹೆಂಡತಿಯನ್ನೂ 'ಅದು' ಎನ್ನುವ ವಾಡಿಕೆ. ಹಾಗಾಗಿ ಬಂಡೆಮ್ಮನಿಗೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಆಕೆ ತಟ್ಟೆಯಿಂದ ಮಿರ್ಚಿಗಳನ್ನು ತೆಗೆದುಕೊಂಡಳು. ಬರೀ ಮಂಡಾಳು ಉಳಿಯಿತು.

ದುರುಗೇಶ ಮೈ ಕೊಡವಿಕೊಂಡು ಎದ್ದಾಗ ಮನೆಯ ಹವೆಯೇ ಬದಲಾಗಿತ್ತು.

"ನಾಳೆ ನೀವು ಬರೋದು ಬ್ಯಾಡ," ಎಂದಳು ಪ್ರಿಯಾ ಗೋಡೆ ನೋಡುತ್ತಾ.

"ಮತ್ತ... ಲ್ಯಾಗು?"

"ನಾನು ನೋಡ್ಕೋತೀನಿ. ನಡೀರಿ ನೀವು."

ಅವನು ಅವಳ ಮುಖ ನೋಡಿದ. ಹೆಲ್ಮೆಟ್ ಹಾಕಿಕೊಂಡು ಹೊರಟೇಹೋದ.

'ಹೆಂಡ್ತಿನ್ನ ಒಗದು ನಾಳೆ ಹೊಸದು ತರ್ತಾನಂತ! ಅಂಥವನ ಮಾತಿಗೆ ನಾನು ಕರಗಿದ್ನಲ್ಲಾ...' ಪ್ರಿಯಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಒಂದು ಮಧ್ಯಾಹ್ನದ ಪರಿಚಯಕ್ಕೆ ಇಷ್ಟು ಅಳು ಹೆಚ್ಚಾಯಿತು ಎಂದು ಅವಳಿಗೂ ಅನ್ನಿಸಿತು. ಆದರೂ ಅತ್ತಳು.

ಬುಧವಾರ ಅವನ ಫೋನು ಮೂರು ಸಲ ಬಂತು. ಎತ್ತಲಿಲ್ಲ. ಗುರುವಾರ ತಾನೇ ರಿಪೇರಿಗೆ ಕೈಹಾಕಿ ಯಾವುದೋ ಗುಂಡಿ ಒತ್ತಿದಳು. ಈಗ ಪೆನ್ನು ಗಾಜಿನ ಮೇಲೆ ಓಡಾಡಿದರೆ ಬಾಣದ ಗುರುತು ಪಕ್ಕದ ಲ್ಯಾಪ್‌ಟಾಪಿನಲ್ಲಿ ಓಡಾಡತೊಡಗಿತು! ಶುಕ್ರವಾರವೂ ಹಾಗೇ ಹೋಯಿತು. ಮರಿ ಮಲಗಿದಲ್ಲೇ ಮಲಗಿತ್ತು.

ಶನಿವಾರ ಬೆಳಿಗ್ಗೆ ಪ್ರಿಯಾ ಕಣ್ಣು ಮುಚ್ಚಿ ಅವನ ನಂಬರು ಒತ್ತಿದಳು. ಕೆಲಸ ಬೇರೆ, ಮನಸ್ಸು ಬೇರೆ ಎಂದು ತನಗೆ ತಾನೇ ನಾಲ್ಕು ಸಲ ಹೇಳಿಕೊಂಡಿದ್ದಳು.

"ಮಾನ್ವಿಯಾಗ ಇದ್ದೀನ್ರೀ, ಸಾಲಿ ಕಂಪ್ಯೂಟರ್ ಜೋಡಸಾಕತ್ತೀನಿ. ಸಂಜಿಗೆ ಬರ್ಲೇನು?"

"ಐದಕ್ಕ ಕಳಸಬೇಕು. ನಾನೇ ಬರ್ತೀನಿ."

ಪೆನ್ ಡಿಸ್‌ಪ್ಲೇಯನ್ನು ಅಜ್ಜಿಯ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲೆ ಕೂಸಿನಂತೆ ಹಿಡಿದು, ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಕುಳಿತಳು. ಕಲ್ಮಲದಲ್ಲಿ ಹತ್ತಿದ ಹೆಂಗಸೊಬ್ಬಳು "ಕೂಸು ಎಷ್ಟು ತಿಂಗಳದ್ದು ಬೇ?" ಎಂದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾನ್ವಿಯ ಶಾಲೆ ಮಧ್ಯಾಹ್ನಕ್ಕೇ ಬಿಟ್ಟು ಖಾಲಿಯಾಗಿತ್ತು. ದುರುಗೇಶ ಬಾಗಿಲಲ್ಲೇ ಕಾಯುತ್ತಿದ್ದ. ಅವಳನ್ನು ಕಂಡೊಡನೆ ಅವನ ಮುಖ ಅರಳಿತಲ್ಲ, ಅದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ನಗಬ್ಯಾಡ್ರೀ ನೀವು! ಮನ್ಯಾಗ ಹೆಂಡ್ತಿ ಕುಂತಿರ್ತಾಳ, ಇಲ್ಲಿ ನನ್ನ ನೋಡಿ ನಗತೀರಿ!"

"ಯಾ... ಯಾರ ಹೆಂಡ್ತಿ?"

"ನಿಮ್ಮ ಹೆಂಡ್ತಿ! ನಮ್ಮಜ್ಜಿ ಮುಂದ ನೀವೇ ಹೇಳೀರಿ. ಲಗ್ನ ಆಗ್ಯಾದ, ಹಳೇದು ಒಗದು ಹೊಸಾದು ತರತೀನಿ ಅಂತ!"

ದುರುಗೇಶ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದು ಕುಳಿತ.

"ಯಪ್ಪಾ! ಅವ್ವಾರು 'ಲಗ್ನ' ಅಂದ್ರಾ? ಬಾಯಿತುಂಬ ಎಲಿ ಇತ್ತಲ್ರೀ! ಮೇಜಿನ ಕೆಳಗ ನನಗ 'ಲ್ಯಾಗ್' ಅಂತ ಕೇಳಸ್ತು!"

"ಲ್ಯಾಗಾ?"

"ಲ್ಯಾಗ್ ಆಗ್ಯಾದೇನಪಾ ಅಂದ್ರು, ಆಗ್ಯಾದ ಅಂದೆ. ಹಳೇದು ಅಂದ್ರ ನಿಮ್ಮ ಹಳೇ ಪ್ಯಾಡಿನ ಸಾಫ್ಟ್‌ವೇರು! ವೈರ್ ಗಟ್ಟಿ ಇತ್ತು, ಅದೇ ಒಳಗ ಕುಂತು ಹೊಸದಕ್ಕ ಅಡ್ಡ ಬರಾಕತ್ತಿತ್ತು." ಅಂಗಿಯ ಕಿಸೆಗೆ ಕೈಹಾಕಿ ಸಣ್ಣ ಪೆನ್‌ಡ್ರೈವ್ ತೆಗೆದ. "ಹೊಸಾದು ಇದರಾಗ ಅದ. ನೀವು ಬರಬ್ಯಾಡ ಅಂದ್ರೂ ಅವತ್ತಿಂದ ಕಿಸೆದಾಗೇ ಇಟ್ಕೊಂಡು ತಿರಗಾಕತ್ತೀನಿ."

ಪ್ರಿಯಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅಜ್ಜಿ ವಾಪಸು ತೆಗೆದ ಮಿರ್ಚಿ ನೆನಪಾಯಿತು. ನಗು ಉಕ್ಕಿತು. ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಆಗ ದುರುಗೇಶ ನಗು ನಿಲ್ಲಿಸಿ, ಮೆಲ್ಲಗೆ ಕೇಳಿದ. "ಹೌದು... ನನಗ ಲಗ್ನ ಆಗಿದ್ರ, ನಿಮಗ ಯಾಕ ಅಷ್ಟು ಸಿಟ್ಟು ಬರಬೇಕ್ರೀ?"

ಮೂರು ದಿನ ಯಾರ ಮುಂದೂ ಆಡದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿಬಿಟ್ಟರೆ? ಅವನು ನಕ್ಕುಬಿಟ್ಟರೆ?

"ಮೊದಲ... ಮೊದಲ ಪಾಟಿ ನೋಡ್ರಿ," ಎಂದು ಕೌದಿ ಬಿಚ್ಚತೊಡಗಿದಳು.

ಅವನು ಒತ್ತಾಯ ಮಾಡಲಿಲ್ಲ. ಹಳೆಯ ಸಾಫ್ಟ್‌ವೇರ್ ಅಳಿಸಿದ. ಲ್ಯಾಪ್‌ಟಾಪನ್ನು ಒಮ್ಮೆ ಬಂದ್ ಮಾಡಿ ಶುರು ಮಾಡಿದ. ಹೊಸದನ್ನು ಹಾಕಿ, ಪೆನ್ನಿಗೆ ಅದರ ಸ್ವಂತ ಪರದೆಯನ್ನು ತೋರಿಸಿಕೊಟ್ಟ. ಗಾಜಿನ ಮೂಲೆಗಳಲ್ಲಿ ಕೂಡಿಸುವ ಗುರುತಿನಂಥ ಸಣ್ಣ ಚಿಹ್ನೆಗಳು ಮೂಡಿದವು.

"ಇದನ್ನ ನೀವೇ ಮುಟ್ರಿ. ನೀವು ಪೆನ್ನು ಹೆಂಗ ಹಿಡೀತೀರೋ ಅದಕ್ಕ ತಕ್ಕಂಗ ಕೂಡತದ."

ಅವಳು ಒಂದೊಂದೇ ಮೂಲೆ ಮುಟ್ಟಿದಳು. ಆಮೇಲೆ ಗೆರೆ ಎಳೆದಳು. ಪೆನ್ನು ಹೋದಲ್ಲಿಗೆ ಗೆರೆ ಹೋಯಿತು!

ಮಧ್ಯಾಹ್ನವೆಲ್ಲ ಅವಳು ಬರೆದಳು, ಅವನು ತನ್ನ ಕಂಪ್ಯೂಟರ್‌ಗಳನ್ನು ಜೋಡಿಸಿದ. ನಡುವೆ ಒಮ್ಮೆ ಬಂದು ಮರಿಯ ಕಿವಿ ಕೊಂಚ ಹಿಂದೆ ಹೋಗಲಿ ಎಂದ. ಅವಳು ಹಾಗೇ ಮಾಡಿದಳು. ಐದಕ್ಕೆ ಹನ್ನೆರಡು ನಿಮಿಷ ಇರುವಾಗ ಮರಿ ಎದ್ದು ಅಮ್ಮನ ಕಡೆ ಓಡಿತು, ಹೈದರಾಬಾದಿಗೂ ತಲುಪಿತು.

ಪ್ರಿಯಾ ಪೆನ್ನು ಕೆಳಗಿಟ್ಟಳು. ಈಗ ನೆಪ ಹೇಳಲು ಏನೂ ಉಳಿದಿರಲಿಲ್ಲ.

"ನನಗ ಸಿಟ್ಟು ಯಾಕ ಬಂತು ಅಂದ್ರ..." ಅವನನ್ನೇ ನೋಡುತ್ತಾ ಹೇಳಿದಳು. "ನೀವು ಬ್ಯಾರೆಯವರ ಪಾಲಾಗೀರಿ ಅಂತ ಬಂತು. ಮೂರು ದಿನ ರೊಟ್ಟಿ ಸೇರಿಲ್ಲ. ನನಗ ನೀವು ಬೇಕ್ರೀ."

ದುರುಗೇಶ ನಗಲಿಲ್ಲ. ಅವನ ಕಣ್ಣಂಚು ಒದ್ದೆಯಾಗಿತ್ತು.

"ನನಗ ಅವತ್ತು ಬಾಗ್ಲದಾಗೇ ಬೇಕಾಗಿದ್ರಿ ನೀವು. ನಾಳೇನ ಗೂಗಲ್‌ಗೆ ಹೋಗಿ ನಿಮ್ಮಪ್ಪಾರನ್ನ ಕೇಳ್ತೀನಿ."

"ಅಪ್ಪ ಮನ್ಯಾಗ ಸಿಗಂಗಿಲ್ಲ. ಹೊಳಿ ದಂಡಿಗೆ ಹಿಂಡಿನ ಕೂಡ ಇರ್ತಾನ."

"ಹುಡುಕ್ತೀನಿ."

"ಹಿಂಡಿನ ನಾಯಿ ಹೊಸಬರನ್ನ ಹತ್ರ ಬಿಡಂಗಿಲ್ರೀ!"

"ಮತ್ತ ಹೆಂಗ ಮಾಡ್ಲಿ?"

"ನನ್ನ ಕೈ ಹಿಡಕೊಂಡು ಬರ್ರಿ... ಆಗ ಬಿಡತದ."

ಅವನು ಅಲ್ಲೇ ಕೈ ಚಾಚಿ ಅವಳ ಕೈ ಹಿಡಿದ.

"ಗೂಗಲ್ ಇನ್ನಾ ದೂರ ಅದ್ರೀ," ಎಂದಳು ಪ್ರಿಯಾ, ಕೈ ಬಿಡಿಸಿಕೊಳ್ಳದೆ.

"ಇರ್ಲಿ," ಎಂದ ದುರುಗೇಶ. "ಈಗಿಂದಾನ ಹಿಡಕೊಂಡಿರ್ತೀನಿ."